ಪಂಖಾ ಅಲ್ರಿ, ಪ್ರೊಪೆಲ್ಲರ್

ಸನತ್‌ನಗರದ ಶೆಡ್ಡಿಗೆ ವಿಮಾನ ನೋಡಲು ಬರುವವರಲ್ಲಿ ಶೀತಲ ಎರಡು ಜಾತಿ ಗುರುತಿಸಿದ್ದಳು. ಒಂದು, 'ಇದು ಖರೇನ ಹಾರ್ತೈತೇನ್ರಿ' ಎಂದು ಕೇಳುವ ಜಾತಿ. ಇನ್ನೊಂದು, ಏನೂ ಕೇಳದೆ ರೆಕ್ಕೆಯ ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಜಾತಿ. ಮೊದಲಿನವರಿಗೆ ಅವಳು ಉತ್ತರ ಕೊಡುತ್ತಿರಲಿಲ್ಲ, ಎರಡನೆಯವರ ಕೈಗೆ ಸ್ಕೇಲಿನಿಂದ ಒಂದು ಬಿಗಿಯುತ್ತಿದ್ದಳು. ಗಂಡನ ಅಣ್ಣ ಸೂರ್ಯಕಾಂತ ಮಾತ್ರ ಎರಡೂ ಜಾತಿಗೆ ಸೇರಿದವನು. ಅವನನ್ನು ಹೊಡೆಯುವಂತಿರಲಿಲ್ಲ, ಆಚೆ ಕಳಿಸುವಂತೆಯೂ ಇರಲಿಲ್ಲ. ವಿಮಾನದ ಎಂಜಿನ್ ಕೊಡಿಸಿದವನು ಅವನೇ.

ಸೂರ್ಯಕಾಂತನಿಗೆ ಹಿಮಾಯತ್‌ನಗರದಲ್ಲಿ ಎರಡು ಅಂತಸ್ತಿನ ಸೀರೆ ಅಂಗಡಿ. ಭಾಲ್ಕಿ ಕಡೆಯಿಂದ ಬಂದ ಮನೆತನ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಸಿಟ್ಟು ಬಂದಾಗ ಹಿಂದಿ. ತಮ್ಮನ ಹೆಂಡತಿ ಔಷಧಿ ಕಂಪನಿಗಳಿಗೆ ಮಾತ್ರೆ ಒತ್ತುವ ಉಕ್ಕಿನ ಅಚ್ಚು ಮಾಡುವ ಕಾರ್ಖಾನೆ ನಡೆಸುತ್ತಾಳೆ ಎಂಬುದನ್ನು ಅವನು ಹತ್ತು ವರ್ಷ ಯಾವ ಮದುವೆ ಮನೆಯಲ್ಲೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅವಳು ಆ ಕಾರ್ಖಾನೆಯ ಶೆಡ್ಡಿನ ಹಿಂದಿನ ಅರ್ಧದಲ್ಲಿ ಅಕ್ಕಪಕ್ಕ ಇಬ್ಬರು ಕೂರುವ ಪುಟ್ಟ ವಿಮಾನ ಕಟ್ಟತೊಡಗಿದ ಮೇಲೆ ಎಲ್ಲ ಕಡೆ ಹೇಳತೊಡಗಿದ. ಅದೂ 'ನಾವು ಕಟ್ಟಾಕತ್ತೀವಿ' ಎಂದು. ಆ 'ನಾವು' ಶೀತಲಳ ಕಿವಿಗೆ ಹೊಕ್ಕ ಜಿರಲೆಯಂತೆ ಒಳಗೇ ಹರಿದಾಡುತ್ತಿತ್ತು.

ಮರದ ಚೌಕಟ್ಟು, ಮೇಲೆ ಬಿಗಿದ ಬಟ್ಟೆ, ತಲೆಯ ಮೇಲಿನ ಉದ್ದ ರೆಕ್ಕೆ, ಎಲ್ಲ ಮುಗಿದಿತ್ತು. ಪರದೇಶದ ಯಾರೋ ಮುದುಕ ಬರೆದ ನಕ್ಷೆಯನ್ನು ತರಿಸಿ, ಅದರಲ್ಲಿ ತನಗೆ ಸರಿ ಕಾಣದ್ದನ್ನೆಲ್ಲ ತಿದ್ದಿ ಕಟ್ಟಿದ್ದಳು. ಸೂರ್ಯಕಾಂತನ ಹೊಟ್ಟೆ ಹಿಡಿಸಲೆಂದು ಕ್ಯಾಬಿನ್ ಅಗಲ ಮಾಡಿದ್ದಳು. ಕಲ್ಲುಮಣ್ಣಿನ ನೆಲಕ್ಕೆಂದು ದೊಡ್ಡ ಟೈರು ಹಾಕಿದ್ದಳು. ಕೀಲು ಕೀಲೂ ತನ್ನ ಅಚ್ಚುಗಳಷ್ಟೇ ನಿಖರವಾಗಿ ಕೂಡಿದ್ದನ್ನು ನೋಡಿ, ಆ ಮುದುಕ ಬದುಕಿದ್ದರೆ ಬಂದು ಕಲಿತು ಹೋಗಲಿ ಅಂದುಕೊಳ್ಳುತ್ತಿದ್ದಳು. ಇನ್ನು ಉಳಿದದ್ದು ಎಂಜಿನ್ನಿನ ಮೂಗಿಗೆ ಒಂದು ಪ್ರೊಪೆಲ್ಲರ್.

ಸೂರ್ಯಕಾಂತ ಮೊಬೈಲನ್ನು ಅವಳ ಮುಖಕ್ಕೆ ಹಿಡಿದ.

"ನೋಡವ್ವಾ ಶೀತಲ. ಮೂರು ರೆಕ್ಕಿ ಪಂಖಾ. ಕರೀದು, ತುದಿಗೆ ಕೆಂಪು. ಹ್ಯಾಂಗ ಮಿಂಚಾಕತ್ತೈತಿ."

"ಪಂಖಾ ಅಲ್ರಿ ಭಾವಾರ, ಪ್ರೊಪೆಲ್ಲರ್. ಪಂಖಾ ನಿಮ್ಮ ದುಕಾನದಾಗ ಗಿರಾಕಿಗೆ ಗಾಳಿ ಹಾಕ್ತೈತಿ."

"ಎಲ್ಲಾ ಒಂದೇ ತಗೋ. ತಿರುಗ್ತೈತಿ, ಗಾಳಿ ಬರ್ತೈತಿ."

"ಈ ಎಂಜಿನ್ನಿಗೆ ಎರಡು ರೆಕ್ಕಿ ಸಾಕು. ಮೂರನೇದು ಬರೇ ಭಾರ. ಮತ್ತ ಕಟ್ಟಿಗೀದು ಬೇಕು."

"ಕಟ್ಟಿಗೀದೇ?" ಸೂರ್ಯಕಾಂತನ ಮುಖ ಸಪ್ಪಗಾಯಿತು. "ಇಷ್ಟೆಲ್ಲಾ ಮಾಡಿ ಕಟ್ಟಿಗೀ ಪಂಖಾ ಹಾಕಿದ್ರ ಜನ ಏನಂತಾರ? ರೊಕ್ಕ ಸಾಲಲಿಲ್ಲ ಅಂತಾರ."

"ಲೋಹದ್ದು ಒಳಗ ಬಿರುಕು ಬಿಟ್ರ ಕಣ್ಣಿಗೆ ಕಾಣಂಗಿಲ್ಲ. ಕಟ್ಟಿಗಿ ಹಗುರ ಇರ್ತೈತಿ, ಎಂಜಿನ್ನಿನ ನಡುಕ ನುಂಗ್ತೈತಿ. ನೆಲಕ್ಕ ಬಡದ್ರ ತಾನು ಮುರೀತೈತಿ, ಎಂಜಿನ್ ಉಳಿಸ್ತೈತಿ. ನಿಮ್ಮ ಎಂಜಿನ್ರಿ ಭಾವಾರ, ನಿಮ್ದು."

ಕೊನೆಯ ಮಾತು ನಾಟಿತು. ಪಕ್ಕದಲ್ಲಿ ನಿಂತಿದ್ದ ಅವಳ ಗಂಡ ವಿಜಯಕುಮಾರ ಇಬ್ಬರ ಮುಖವನ್ನೂ ನೋಡಿ, "ಅಣ್ಣ ಹೇಳೋದೂ ಖರೇ, ಶೀತಲ ಹೇಳೋದೂ ಖರೇ," ಅಂದ. ಇನ್ಶೂರೆನ್ಸ್ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತವನು ಬೇರೆ ಏನು ಹೇಳಿಯಾನು ಎಂದು ಶೀತಲ ಅವನ ಕಡೆ ತಿರುಗಲೂ ಇಲ್ಲ. ಕಾರ್ಖಾನೆಗೆ ಬರುವ ಗಿರಾಕಿಗಳು 'ಸರ್ ಇಲ್ಲೇನ್ರಿ' ಎಂದು ಕೇಳಿದಾಗಲೆಲ್ಲ ಅವಳಿಗೆ ಈ ಸರ್ ನೆನಪಾಗಿ ನಗು ಬರುತ್ತಿತ್ತು.

ಕೊನೆಗೆ ಎರಡು ರೆಕ್ಕೆಯ ಮರದ ಪ್ರೊಪೆಲ್ಲರ್ ಎಂದೇ ಆಯಿತು. ಆದರೆ ತುದಿಗೆ ಹಿತ್ತಾಳೆ ತಗಡು, ನಡುವೆ ಸೀರೆ ಅಂಗಡಿಯ ನವಿಲಿನ ಗುರುತು. ನವಿಲು ಹಾರಾಟಕ್ಕೆ ಅಡ್ಡಿ ಮಾಡುವುದಿಲ್ಲ ಎಂದು ಶೀತಲ ಒಪ್ಪಿದಳು.

ಪ್ರೊಪೆಲ್ಲರ್ ಕೆತ್ತುವವನು ಉಪ್ಪಲ್‌ನಲ್ಲಿದ್ದ. ನಿಶಾಂತ ಎಂದು, ರಾಯಚೂರಿನವನು. ಗಾಳಿಯ ಹರಿವಿನ ಮೇಲೆ ಜರ್ಮನಿಯಲ್ಲಿ ಡಾಕ್ಟರೇಟ್ ಮಾಡಿ ಬಂದು ಡ್ರೋನ್ ಕಂಪನಿಗಳಿಗೆ ಮಾಲು ಕೊಡುತ್ತಿದ್ದ. ಮೆಟ್ರೋ ಡಿಪೋದ ಹಿಂದಿನ ಅವನ ವರ್ಕ್‌ಶಾಪಿನಲ್ಲಿ ಎಲ್ಲೆಲ್ಲೂ ಮರದ ಪುಡಿ, ಅದರ ನಡುವೆ ಅವನ ಕಾಲಲ್ಲಿ ಹಾಲಿನಂಥ ಬಿಳಿ ಬೂಟು. ಬೂಟು ನೋಡಿದ ಕೂಡಲೇ ಶೀತಲ ಅವನ ಬಗ್ಗೆ ತೀರ್ಮಾನಿಸಿಬಿಟ್ಟಳು. ಅವನೂ ಅಷ್ಟೇ ಬೇಗ ತೀರ್ಮಾನಿಸಿದಂತಿತ್ತು, ಕೂತುಕೊಳ್ಳಿ ಎನ್ನಲಿಲ್ಲ.

"ಎಂಜಿನ್?"

"ಎಂಬತ್ತೈದು ಹಾರ್ಸ್‌ಪವರ್. ಗೇರ್‌ಬಾಕ್ಸ್ ಇಲ್ಲ, ನೇರ ಜೋಡಣಿ."

"ವಿಮಾನ ಎಷ್ಟು ಜೋರ ಹೋಗ್ತೈತಿ?"

"ನೂರಾ ಎಂಬತ್ತೈದು ಕಿಲೋಮೀಟರ್."

ನಿಶಾಂತ ಮೂಗಿನಲ್ಲೇ ನಕ್ಕ. "ಅಳದೀರೇನು?"

"ಇನ್ನೂ ಹಾರೇ ಇಲ್ಲ, ಹ್ಯಾಂಗ ಅಳೀಲಿ?"

"ಮತ್ತ ಅಂಕಿ ಎಲ್ಲಿಂದ ಬಂತು?"

"ನಕ್ಷೆದಾಗ ನೂರಾ ಎಪ್ಪತ್ತು ಅಂತ ಬರದಾರ. ನಂದು ಅದಕ್ಕಿಂತ ನಯ ಐತಿ."

"ನೋಡ್ರಿ ಮೇಡಂ," ನಿಶಾಂತ ಮೇಜಿನ ಮೇಲಿದ್ದ ಸ್ಕ್ರೂ ಒಂದನ್ನು ಎತ್ತಿ ಹಿಡಿದ. "ಪ್ರೊಪೆಲ್ಲರ್ ಅಂದ್ರ ಇದು. ಒಂದು ಸುತ್ತಿಗೆ ಕಟ್ಟಿಗ್ಯಾಗ ಎಷ್ಟು ಮುಂದ ಹೋಗ್ತೈತೋ ಅದು ಪಿಚ್..."

"ಪಿಚ್ ಅಂದ್ರೇನಂತ ನನಗ ಹೇಳಬ್ಯಾಡ್ರಿ. ಗಾಡಿಗೆ ಗೇರ್ ಇದ್ದಂಗ. ಜೋರ ಹೋಗೂದಕ್ಕ ರೆಕ್ಕಿ ಹೆಚ್ಚು ಓರೆ, ಸಾವಕಾಶ ಹೋಗೂದಕ್ಕ ಕಡಿಮಿ ಓರೆ."

"ಗೊತ್ತಿದ್ದೂ ಹೇಳ್ತೀರಂದ್ರ ಇನ್ನೂ ಕೆಟ್ಟದ್ದು." ಅವನು ಸ್ಕ್ರೂ ಕೆಳಗಿಟ್ಟ. "ಇಲ್ಲಿಗೆ ಬಂದಾವ್ರೆಲ್ಲಾ ನಮ್ಮ ವಿಮಾನ ಬಾಣದಂಗ ಹೋಗ್ತೈತಿ ಅಂತಾರ. ನಂದು ತೆವಳ್ತೈತಿ ಅಂತ ಇವತ್ತಿನ ತನಕಾ ಒಬ್ಬರೂ ಹೇಳಿಲ್ಲ. ಜೋರಿನ ಪ್ರೊಪೆಲ್ಲರ್ ತೆವಳೂ ವಿಮಾನಕ್ಕ ಹಾಕಿದ್ರ ಏನಾಗ್ತೈತಿ ಗೊತ್ತಲ್ಲಾ?"

"ಟಾಪ್ ಗೇರಿನಾಗ ಸ್ಕೂಟರ್ ಎತ್ತಿದಂಗ. ಎಂಜಿನ್ ತಿಣಕ್ತೈತಿ, ಗಾಡಿ ಏಳಂಗಿಲ್ಲ."

"ನಾ ಒಮ್ಮೆ ಬಂದು ನೋಡ್ತೀನಿ ನಿಮ್ಮ ವಿಮಾನ."

"ನೋಡಿ ಏನ್ ಮಾಡ್ತೀರಿ? ರೆಕ್ಕಿ ಬಟ್ಟಿ ಒತ್ತಿ ನೋಡ್ತೀರೇನು?"

ನಿಶಾಂತನ ಕಿವಿ ಕೆಂಪಾಯಿತು. "ಆಯ್ತು. ನೂರಾ ಎಂಬತ್ತೈದಕ್ಕೇ ಕೆತ್ತತೀನಿ. ಅಂಕಿ ನಿಮ್ದು, ಕಟ್ಟಿಗಿ ನಂದು," ಅಂದ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದ್ದ ವಿಜಯಕುಮಾರ, ಕಾರಿನಲ್ಲಿ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು, "ಅಂವ ಒಮ್ಮೆ ಬಂದು ನೋಡಿದ್ರ ಏನು ನಷ್ಟ ಇತ್ತು?" ಎಂದು ಕೇಳಿದ.

"ನಿಮಗ ಯಾರದರೇ ಬೂಟು ಬೆಳ್ಳಗಿದ್ರ ಸಾಕ್ರಿ, ಕಾಲಿಗೆ ಬೀಳ್ತೀರಿ."

ವಿಜಯಕುಮಾರ ರೇಡಿಯೋ ಹಚ್ಚಿದ.

ಪ್ರೊಪೆಲ್ಲರ್ ಬಂದ ದಿನ ಮಾತ್ರ ಶೀತಲಳಿಗೆ ಯಾರನ್ನೂ ಬೈಯಲು ಮನಸ್ಸಾಗಲಿಲ್ಲ. ತೆಳುವಾದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತಿದ್ದು. ಒಂದು ಹಲಗೆ ಜೇನಿನ ಬಣ್ಣ, ಮುಂದಿನದು ತುಸು ಗಾಢ. ರೆಕ್ಕೆ ತಿರುಚಿಕೊಂಡು ಹೋದಂತೆ ಆ ಗೆರೆಗಳೂ ತಿರುಚಿಕೊಂಡು ತುದಿಯಲ್ಲಿ ಹಿತ್ತಾಳೆಯೊಳಗೆ ಸೇರಿಕೊಂಡಿದ್ದವು. ಮಧ್ಯದ ತೂತಿಗೆ ಸರಳು ತೂರಿಸಿ ತೂಗು ಹಾಕಿದಳು. ಯಾವ ಕಡೆಗೂ ವಾಲದೆ ನೆಟ್ಟಗೆ ನಿಂತಿತು. ಬಿಳಿ ಬೂಟಿನವನಿಗೆ ಕೆಲಸ ಬರುತ್ತದೆ ಎಂದು ಒಳಗೊಳಗೇ ಒಪ್ಪಿದಳು, ಆದರೆ ಫೋನ್ ಮಾಡಿ ಹೇಳಲಿಲ್ಲ.

ಹಾರಲು ಬೇಕಾದ ಪರವಾನಗಿ ಬಂದಿತ್ತು. ಮುಂಬೈ ರಸ್ತೆಯಲ್ಲಿ ಸದಾಶಿವಪೇಟೆ ದಾಟಿದ ಮೇಲೆ ಒಬ್ಬರ ಖಾಸಗಿ ಜಮೀನಿನಲ್ಲಿ ಮಣ್ಣಿನ ಓಡುದಾರಿ ಇತ್ತು. ಅದರ ಆ ತುದಿಗೆ ಮಾವಿನ ತೋಪು. ರೆಕ್ಕೆ ಬಿಚ್ಚಿ ಲಾರಿಯಲ್ಲಿ ಸಾಗಿಸಿ, ಅಲ್ಲಿನ ತಗಡಿನ ಚಪ್ಪರದಲ್ಲಿ ಮತ್ತೆ ಜೋಡಿಸಿದರು. ಮೊದಲ ಹಾರಾಟಕ್ಕೆ ಕೇದಾರ ಎಂಬ ತರುಣನನ್ನು ಗೊತ್ತುಮಾಡಿದ್ದರು. ಬೀದರಿನವನು, ವಿಮಾನ ಕಲಿಸುವುದು ಅವನ ವೃತ್ತಿ. ತಣ್ಣಗೆ ಮಾತಾಡುವವನು, ಕಣ್ಣಿಗೆ ಸದಾ ಕರೀ ಕನ್ನಡಕ. ಈ ಕನ್ನಡಕದ ಹಿಂದೆ ಏನೂ ಇರಲಿಕ್ಕಿಲ್ಲ ಎಂಬುದು ಶೀತಲಳ ಅಂದಾಜು.

ಭಾನುವಾರ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಸೂರ್ಯಕಾಂತ ಶಾಮಿಯಾನ ಹಾಕಿಸಿಯಾಗಿತ್ತು. ಅಂಗಡಿಯ ಹಳೆಯ ಗಿರಾಕಿಗಳು, ಬೀಗರು, ಸಮಾಜದ ಹಿರಿಯರು, ಡ್ರೋನ್ ಕ್ಯಾಮೆರಾದವನು, ಉಸ್ಮಾನಿಯಾ ಬಿಸ್ಕತ್ತಿನ ಡಬ್ಬಿಗಳು. ಸಿಲ್ಕ್ ಜುಬ್ಬಾ ತೊಟ್ಟ ಸೂರ್ಯಕಾಂತ ತೆಂಗಿನಕಾಯಿ ಹಿಡಿದು ಸೀದಾ ಪ್ರೊಪೆಲ್ಲರಿನ ಹತ್ತಿರ ಹೋಗಿ ಅದರ ತುದಿಗೇ ಒಡೆಯಲು ಕೈಯೆತ್ತಿದ. ಶೀತಲ ಕಿರುಚಿದ್ದಕ್ಕೆ ತೋಪಿನಿಂದ ಕಾಗೆಗಳು ಎದ್ದವು.

"ಶುಭ ಕೆಲಸವ್ವಾ!"

"ನಿಮ್ಮ ತಲೀಗೆ ಒಡಕೊಳ್ರಿ. ಅದು ಗಟ್ಟಿ ಐತಿ."

ಬೀಗರ ಮುಂದೆ ಹೀಗಂದದ್ದಕ್ಕೆ ವಿಜಯಕುಮಾರ ಕಣ್ಣು ಮುಚ್ಚಿಕೊಂಡ.

ಗಾಲಿಗಳಿಗೆ ಅಡ್ಡ ಕಟ್ಟಿಗೆ ಇಟ್ಟು, ಹಿಂದೆ ಹಗ್ಗ ಕಟ್ಟಿ, ಕೇದಾರ ಎಂಜಿನ್ನನ್ನು ಪೂರ್ತಿ ಜೋರಿಗೆ ಏರಿಸಿ ನೋಡಿದ. ಧೂಳೆದ್ದು ಶಾಮಿಯಾನ ಪಟಪಟ ಬಡಿಯಿತು. ಜನ ಚಪ್ಪಾಳೆ ತಟ್ಟಿದರು. ಕೇದಾರ ಎಂಜಿನ್ ನಿಲ್ಲಿಸಿ ಇಳಿದು ಬಂದು, ಶೀತಲಳನ್ನು ಪಕ್ಕಕ್ಕೆ ಕರೆದ.

"ನಿಮಿಷಕ್ಕ ಸಾವಿರದ ಒಂಬೈನೂರು ಸುತ್ತಷ್ಟೇ ಬರಾಕತ್ತೈತಿ ಮೇಡಂ. ನಿಂತಲ್ಲೇ ಎರಡು ಸಾವಿರದ ಇನ್ನೂರರೇ ಬರ್ಬೇಕು. ಎಂಜಿನ್ನಿಗೆ ಉಸಿರು ಸಾಲವಲ್ದು. ಪಿಚ್ ಹೆಚ್ಚಾಗೇತಿ."

"ಮೀಟರ್ ತಪ್ಪು ತೋರಿಸ್ತಿರಬೇಕು."

"ಮೀಟರ್ ನೀವೇ ತಪಾಸ ಮಾಡಿ ಹಾಕೀರಿ."

ಅದು ನಿಜವಾಗಿತ್ತು. ಹಾಗಾಗಿಯೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ನೆಲದ ಮ್ಯಾಲೆ ಹಂಗೇ ಇರ್ತೈತಿ. ವೇಗ ಹಿಡದ ಮ್ಯಾಲೆ ಸುತ್ತು ಏರ್ತೈತಿ."

"ವೇಗ ಹಿಡೀಬೇಕಲ್ರಿ ಮೊದಲು. ಬಿಸಿಲು ಬ್ಯಾರೆ ಏರಾಕತ್ತೈತಿ. ಇವತ್ತು ಬ್ಯಾಡ."

ಶಾಮಿಯಾನದ ಕಡೆಯಿಂದ ಸೂರ್ಯಕಾಂತ ಕೈ ಬೀಸಿ, ಏನಾಯ್ತು, ಯಾಕೆ ತಡ ಎಂದು ಸನ್ನೆ ಮಾಡುತ್ತಿದ್ದ. ಸಮಾಜದ ಹಿರಿಯರೊಬ್ಬರು ಆಕಳಿಸಿದರು. ಶೀತಲ ಎಲ್ಲರಿಗೂ ಕೇಳುವಂತೆ ದನಿ ಎತ್ತಿದಳು.

"ಅಂಜಿಕಿ ಬಂದಿದ್ರ ಅಂಜಿಕಿ ಬಂತು ಅನ್ರಿ. ನನ್ನ ವಿಮಾನದ ಮ್ಯಾಲೆ ಯಾಕ ಹಾಕ್ತೀರಿ? ಬರೇ ಕನ್ನಡಕ ಹಾಕ್ಕೊಂಡ್ರ ಪೈಲಟ್ ಆಗಂಗಿಲ್ಲ."

ಕೇದಾರ ಓಡುದಾರಿಯ ಉದ್ದಕ್ಕೂ ಒಮ್ಮೆ ನೋಡಿ, ಹೋಗಿ ಒಳಗೆ ಕೂತ.

ವಿಮಾನ ಓಡಿತು. ಬಾಲ ಎದ್ದಿತು. ಎಂಜಿನ್ನಿನ ದನಿ ಭಾರ ಹೊತ್ತ ಎತ್ತಿನಂತೆ ಕೆಳಗೇ ಉಳಿಯಿತು. ಒಂದು ಕಡೆ ಗಾಲಿಗಳು ನೆಲ ಬಿಟ್ಟವು, ಒಂದು ಗೇಣು, ಹೆಚ್ಚೆಂದರೆ ಎರಡು. ಮತ್ತೆ ನೆಲಕ್ಕೆ ಕುಕ್ಕಿದವು. ಜನ ಹೋ ಎಂದರು. ವಿಮಾನ ಮಾವಿನ ತೋಪಿನ ಕಡೆಗೇ ಹೋಗುತ್ತಿತ್ತು. ಆಗ ಎಂಜಿನ್ ಸದ್ದು ತಟ್ಟನೆ ಇಳಿಯಿತು, ಬಾಲ ಕೂತಿತು, ಧೂಳು ಎಲ್ಲವನ್ನೂ ಮುಚ್ಚಿತು. ಧೂಳು ಸರಿದಾಗ ವಿಮಾನ ತೋಪಿನ ಬೇಲಿಗೆ ಸ್ವಲ್ಪ ಈಚೆಗೆ ನಿಂತಿತ್ತು.

ಸೂರ್ಯಕಾಂತ ಆಗಲೇ ಜನಕ್ಕೆ ವಿವರಿಸತೊಡಗಿದ್ದ. "ನಾ ಮೊದಲೇ ಹೇಳಿದ್ದೆ. ಮೂರು ರೆಕ್ಕೀದು ಹಾಕ್ರಿ, ಕಟ್ಟಿಗೀದು ಬ್ಯಾಡ ಅಂತ. ಯಾರು ಕೇಳ್ತಾರ?" ಜನ ತಲೆದೂಗಿದರು. ಸೋತದ್ದಕ್ಕಿಂತ, ಅದಕ್ಕೆ ಇಂಥ ದಡ್ಡ ಕಾರಣವನ್ನು ಎಲ್ಲರೂ ನಂಬಿದ್ದು ಶೀತಲಳಿಗೆ ಹೆಚ್ಚು ಉರಿಯಿತು. ಚಪ್ಪರದ ನೆರಳಿಗೆ ಹೋಗಿ ಒಂದು ಪೆಟ್ಟಿಗೆಯ ಮೇಲೆ ಕೂತಳು. ವಿಜಯಕುಮಾರ ಹಿಂದೆಯೇ ಬಂದ. ಸಮಾಧಾನ ಮಾಡಲು ಬಂದಿದ್ದಾನೆ ಎಂದು ಅವಳು ಕೈ ಬೀಸಿದಳು.

"ಹೋಗ್ರಿ. ನಿಮ್ಮಣ್ಣ ಹೇಳೋದೂ ಖರೇ ಅಂತ ಹೇಳಾಕ ಬಂದೀರೇನು?"

"ಅಲ್ಲ," ಅಂದ ವಿಜಯಕುಮಾರ. ಮದುವೆಯಾದಾಗಿನಿಂದ ಅವನಿಗೆ ಇಷ್ಟು ಸಿಟ್ಟು ಬಂದದ್ದನ್ನು ಅವಳು ನೋಡಿರಲಿಲ್ಲ. "ಆ ಹುಡುಗ ಬ್ಯಾಡ ಅಂದ. ನೀ ಎಲ್ಲರ ಮುಂದ ಅಂಜುಬುರುಕ ಅಂದಿ. ನನಗ ಅನ್ನು, ನಡೀತೈತಿ, ನನಗ ರೂಢಿ ಆಗೇತಿ. ಅಂವ ನಿನ್ನ ಮಾತಿಗೆ ಹಾರಿ ಆ ಗಿಡಕ್ಕ ಬಡಕೊಂಡಿದ್ರ ಅವರವ್ವಗ ನೀ ಏನ್ ಹೇಳ್ತಿದ್ದಿ? ಮೀಟರ್ ತಪ್ಪು ಅಂತಿದ್ದೇನು?"

"ಬಡಕೊಳ್ಳಿಲ್ಲಲ್ಲ."

"ಅದು ಅವನ ಬುದ್ಧಿ. ನಿಂದಲ್ಲ."

ಅಷ್ಟು ಹೇಳಿ ಅವನು ಹೊರಟುಹೋದ. ಉತ್ತರವೇನೋ ಅವಳ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಕೇಳುವವರು ಯಾರೂ ಇರಲಿಲ್ಲ.

ಸುಮಾರು ಹೊತ್ತಿನ ಮೇಲೆ ಶೀತಲ ಬಿಸಿಲಿನಲ್ಲಿ ಓಡುದಾರಿಯ ಆ ತುದಿಗೆ ನಡೆದಳು. ಕೇದಾರ ವಿಮಾನದ ರೆಕ್ಕೆಯ ನೆರಳಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಕನ್ನಡಕ ಹಣೆಯ ಮೇಲಿತ್ತು. ದಾರಿಯಲ್ಲಿ, ಅಂಚಿಗೆ ಸುಣ್ಣ ಬಳಿದ ಡ್ರಮ್ ಒಂದು ನಿಂತಿದ್ದನ್ನು ಅವಳು ನೋಡಿದ್ದಳು. ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, "ಆ ಡ್ರಮ್ ಯಾರು ಇಟ್ರು?" ಅಂದಳು.

"ನಾನೇ. ಮುಂಜಾನಿ ಬಂದು ಇಟ್ಟೆ. ಅಲ್ಲೀತನಕಾ ಸರಿಯಾಗಿ ನೆಲ ಬಿಡಲಿಲ್ಲಂದ್ರ ಎಂಜಿನ್ ಜೋರು ಇಳಿಸಿ ನಿಲ್ಲಿಸಬೇಕಂತ."

"ನಾ ಅಂದಿದ್ದು..."

"ನೀವು ಬೈದಿದ್ದಕ್ಕ ಹಾರಾಕ ಹೋದೆ ಅಂತ ತಿಳಕೊಂಡೀರೇನು?" ಕೇದಾರ ಮೊದಲ ಸಲ ನಕ್ಕ. ಹಿತವಾದ ನಗುವಲ್ಲ. "ನಿಮ್ಮಂಥಾವ್ರು ನನ್ನ ಹಂತೇಕ ವಾರಕ್ಕೊಬ್ರು ಬರ್ತಾರ ಮೇಡಂ. ಮಾತಿನಾಗ ಕೇಳಂಗಿಲ್ಲ. ಕಣ್ಣಿಗೆ ತೋರಿಸಿದ್ರ ಕೇಳ್ತಾರ. ಅದಕ್ಕ ತೋರಿಸಿದೆ."

ನಿಮ್ಮಂಥವರು. ವಾರಕ್ಕೊಬ್ಬರು. ಶೀತಲ ಜನರನ್ನು ಜಾತಿ ಜಾತಿಯಾಗಿ ವಿಂಗಡಿಸಿದವಳು; ತನ್ನನ್ನೂ ಯಾರಾದರೂ ಒಂದು ಜಾತಿಗೆ ಸೇರಿಸಿ ಬಿಸ್ಕತ್ತು ತಿನ್ನುತ್ತಾ ಕೂರಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. "ತಪ್ಪಾಯ್ತು," ಎಂದು ಹೇಳಿದಳು. ಅದು ಬೈದಂತೆಯೇ ಕೇಳಿಸಿತು. ಕೇದಾರ ಡಬ್ಬಿ ಮುಂದೆ ಚಾಚಿದ. ಅವಳು ಒಂದು ಬಿಸ್ಕತ್ತು ತೆಗೆದುಕೊಂಡಳು.

ಪ್ರೊಪೆಲ್ಲರ್ ಬಿಚ್ಚಿದ ಕೂಡಲೇ ಸೂರ್ಯಕಾಂತ ಅದನ್ನು ಒಯ್ದು ಅಂಗಡಿಯ ಮೆಟ್ಟಿಲ ಮೇಲಿನ ಗೋಡೆಗೆ ಹಾಕಿಸಿ, ಹಿಂದೆ ಬಣ್ಣದ ದೀಪ ಕೊಟ್ಟ. ಸೀರೆ ಕೊಳ್ಳಲು ಬಂದವರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆಂದು ಸುದ್ದಿ ಬಂತು. ಯಾವ ಆಕಾಶದಲ್ಲಿ ತಿರುಗಿ ಬಂದದ್ದೆಂದು ಅವರಿಗೆ ಹೇಳುತ್ತಿದ್ದನೋ, ಶೀತಲ ವಿಚಾರಿಸಲಿಲ್ಲ.

ಅವಳು ಉಪ್ಪಲ್‌ಗೆ ಒಬ್ಬಳೇ ಹೋದಳು. ದಾರಿಯುದ್ದಕ್ಕೂ ನಿಶಾಂತನ ನಗುವಿಗೆ ತಕ್ಕ ಉತ್ತರವೊಂದನ್ನು ಸಿದ್ಧ ಮಾಡಿಕೊಂಡಿದ್ದಳು. ಅವನು ನಗಲಿಲ್ಲ.

"ಎಷ್ಟು ಸುತ್ತು ಬಂತು?"

"ಸಾವಿರದ ಒಂಬೈನೂರು."

"ಪೈಲಟ್?"

"ಆರಾಮ ಅದಾನ."

ನಿಶಾಂತ ಕುರ್ಚಿ ತಂದು ಹಾಕಿದ. ತಾನು ನಿಂತೇ ಇದ್ದ. ಬೂಟಿನ ತುದಿಯಿಂದ ಮರದ ಪುಡಿಯನ್ನು ಅತ್ತಿತ್ತ ಸರಿಸುತ್ತಾ, "ನೀವು ಅಂಕಿ ಹೇಳಿದಾಗೇ ನನಗ ಗೊತ್ತಿತ್ತು, ಇದು ಏಳಂಗಿಲ್ಲಂತ," ಅಂದ. "ಜೋರು ಮಾಡಿ ಹೇಳಬೇಕಾಗಿತ್ತು. ಬಟ್ಟಿ ಒತ್ತಿ ನೋಡ್ತೀರೇನು ಅಂದ್ರಲ್ಲಾ, ನನಗೂ ಸಿಟ್ಟು ಬಂತು. ಹೋಗಿ ಬೀಳ್ಲಿ, ಆಮ್ಯಾಲೆ ಬರ್ತಾಳ ಅಂದ್ಕೊಂಡೆ. ಬೀಳಾಂವ ನೀವಲ್ಲ, ಬ್ಯಾರೆಯವ್ರು ಅನ್ನೋದು ತಲ್ಯಾಗ ಬರಲೇ ಇಲ್ಲ."

ಸಿದ್ಧ ಮಾಡಿಕೊಂಡು ಬಂದಿದ್ದ ಉತ್ತರ ಇದಕ್ಕೆ ಹೊಂದುವಂತಿರಲಿಲ್ಲ. ಶೀತಲ ಅವನನ್ನು ನೋಡಿದಳು. ಇಷ್ಟು ಸಣ್ಣ ಮನಸ್ಸಿನವನು ಎಂದು ತಿರಸ್ಕಾರ ಹುಟ್ಟಿತು, ಆದರೆ ಅದು ಅವನೊಬ್ಬನ ಮೇಲೆಯೇ ನಿಲ್ಲಲೊಲ್ಲದೆ ತನ್ನ ಕಡೆಗೂ ತಿರುಗಿತು.

"ನಡೀರಿ, ಹೋಗೋಣ," ಅಂದಳು. "ವಿಮಾನ ನೋಡಿ ಹೇಳ್ರಿ."

ನಿಶಾಂತ ಚಪ್ಪರದ ಕೆಳಗೆ ಟೇಪು ಹಿಡಿದು ವಿಮಾನದ ಸುತ್ತ ತಿರುಗಿದ. ಬಿಳಿ ಬೂಟು ಕೆಂಪಗಾದವು. ಕೂತು ನೋಡಿದ, ಮಲಗಿ ನೋಡಿದ.

"ಟೈರು ಇಷ್ಟು ದೊಡ್ಡದು?"

"ನೆಲ ಕಲ್ಲು ಐತಿ."

"ವೇಗದಾಗ ಎಂಟು ಕಿಲೋಮೀಟರ್ ಹೋತು. ರೆಕ್ಕಿ ಕೆಳಗಿನ ಈ ಊರುಗೋಲು ಎಲ್ಲಾ ಗುಂಡು ಪೈಪು?"

"ಭಾಳ ಗಟ್ಟಿ ಅದಾವ."

"ಗಟ್ಟಿ ಅದಾವ, ಗಾಳಿನೂ ಗಟ್ಟಿಯಾಗಿ ಹಿಡೀತಾವ. ಹತ್ತು ಹೋತು. ಕ್ಯಾಬಿನ್ ನಕ್ಷೆಕ್ಕಿಂತ ಅಗಲ ಯಾಕ?"

"ನಮ್ಮ ಭಾವಾರ ಹೊಟ್ಟಿ."

ನಿಶಾಂತ ಟೇಪು ಮಡಚಿದ. "ಕೀಲಿನ ಕೆಲಸ ಭಾಳ ಛಲೋ ಮಾಡೀರಿ. ಆದ್ರ ಗಾಳಿ ಕೀಲು ನೋಡಂಗಿಲ್ಲ, ಆಕಾರ ನೋಡ್ತೈತಿ." ಆ ದನಿ ಶೀತಲಳಿಗೆ ಚೆನ್ನಾಗಿ ಪರಿಚಯವಿತ್ತು. ಅಚ್ಚು ತಪ್ಪಾಗಿ ಅಳೆದು ತಂದ ಗಿರಾಕಿಗಳಿಗೆ ಅವಳೇ ಹಾಗೆ ಮಾತಾಡುತ್ತಿದ್ದಳು. ಎದುರಿಗೆ ನಿಂತು ಕೇಳಿಸಿಕೊಳ್ಳುವುದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. "ನೂರಾ ಮೂವತ್ತು," ಅಂದ ಅವನು.

"ನೂರಾ ನಲವತ್ತೈದು."

"ಇದು ಬಾಜಾರಲ್ರಿ ಮೇಡಂ."

"ನಲವತ್ತು."

"ಮೂವತ್ತು."

ಶೀತಲ ವಿಮಾನದ ದಪ್ಪ ಹೊಟ್ಟೆಯನ್ನೂ ಗೂಳಿಯಂಥ ಟೈರುಗಳನ್ನೂ ನೋಡಿದಳು. ತಾನೇ ಕೈಯಾರೆ ಕಟ್ಟಿದ್ದು. ಬಾಣದಂತೆ ಎಲ್ಲೂ ಕಾಣಲಿಲ್ಲ. ಎಮ್ಮೆಯ ಹಾಗಿತ್ತು.

"ಮೂವತ್ತು ಬರಕೊಳ್ರಿ," ಅಂದಳು.

ಹೊಸ ಪ್ರೊಪೆಲ್ಲರ್ ಹಳೆಯದಕ್ಕಿಂತ ಕಡಿಮೆ ಓರೆಯದಾಗಿತ್ತು, ತುಸು ಉದ್ದವಾಗಿತ್ತು, ನವಿಲು ಇರಲಿಲ್ಲ. ಶಾಮಿಯಾನವೂ ಇರಲಿಲ್ಲ. ಕರೆಯದಿದ್ದರೂ ಸೂರ್ಯಕಾಂತ ಮಾತ್ರ ಬಂದಿದ್ದ. ಕೇದಾರ ಹಗ್ಗ ಕಟ್ಟಿ ಎಂಜಿನ್ ಪೂರ್ತಿ ಏರಿಸಿ, ಮೀಟರ್ ನೋಡಿ ಹೊರಗೆ ಹೆಬ್ಬೆರಳು ತೋರಿಸಿದ. ಎರಡು ಸಾವಿರದ ಇನ್ನೂರ ಐವತ್ತು. ಎಂಜಿನ್ನಿನ ದನಿಯೇ ಬೇರೆಯಾಗಿತ್ತು. ಈಗದು ಹಾಡುತ್ತಿತ್ತು ಎಂದರೂ ತಪ್ಪಲ್ಲ. ಡ್ರಮ್ಮಿಗೆ ಬಹಳ ಈಚೆಗೇ ಗಾಲಿಗಳು ನೆಲ ಬಿಟ್ಟವು, ತಿರುಗಿ ಮುಟ್ಟಲಿಲ್ಲ. ವಿಮಾನ ಮಾವಿನ ತೋಪನ್ನು ದಾಟಿ, ಎಡಕ್ಕೆ ವಾಲಿ, ಮೇಲೇರಿತು.

ವಿಜಯಕುಮಾರ ಶೀತಲಳ ಪಕ್ಕಕ್ಕೆ ಬಂದ. ಆ ಭಾನುವಾರದ ನಂತರ ಅವರ ನಡುವೆ ಊಟ ತಿಂಡಿಯ ಮಾತಷ್ಟೇ ನಡೆದಿತ್ತು. ಅವಳು ಅವನ ತೋಳು ಹಿಡಿದುಕೊಂಡಳು, ನೋವಾಗುವಷ್ಟು ಜೋರಾಗಿ.

ಎದುರುಗಾಳಿ ಇತ್ತು. ದೂರದಲ್ಲಿ ವಿಮಾನ ಮುಂಬೈ ರಸ್ತೆಯ ಪಕ್ಕಕ್ಕೆ ಬಂದಾಗ, ಕೆಳಗೆ ಹೋಗುತ್ತಿದ್ದ ಬಸ್ಸೊಂದು ಅದನ್ನು ನಿಧಾನವಾಗಿ ಹಿಂದೆ ಹಾಕಿತು.

"ಅಯ್ಯ, ಬಸ್ಸಿನಕಿಂತ ಸಾವಕಾಶ ಐತಲ್ಲ!" ಸೂರ್ಯಕಾಂತ ಕೂಗಿದ.

ವಿಜಯಕುಮಾರ ಗಾಬರಿಯಿಂದ ಹೆಂಡತಿಯ ಮುಖ ನೋಡಿದ.

"ಹೌದ್ರಿ ಭಾವಾರ," ಅಂದಳು ಶೀತಲ. "ಸಾವಕಾಶ ಐತಿ."

ಒಬ್ಬನೇ ಹಲವು ಸಲ ಹಾರಿ ನೋಡಿದ ಮೇಲೆ ಕೇದಾರ ಇನ್ನೊಬ್ಬರನ್ನು ಕೂರಿಸಲು ಒಪ್ಪಿದ. ಮೊದಲು ಶೀತಲ ಹೋದಳು. ಮೇಲೆ ಅವಳು ಹೆಚ್ಚು ಹೊತ್ತು ನೋಡಿದ್ದು ಕೆಳಗಿನ ಕೆರೆಯನ್ನಲ್ಲ, ಹೊಲಗಳನ್ನೂ ಅಲ್ಲ. ಕಣ್ಣ ಮುಂದೆ ಕರಗಿ ಬರೀ ಮಬ್ಬು ವೃತ್ತವಾಗಿದ್ದ ಆ ಮರವನ್ನು. ಅದರ ಮೂಲಕ ಎಲ್ಲವೂ ಕಾಣುತ್ತಿತ್ತು.

ಆಮೇಲೆ ಸೂರ್ಯಕಾಂತನ ಸರದಿ. ಪೇಟ ಕಟ್ಟಿಕೊಂಡು ಬಂದಿದ್ದ, ಕೇದಾರ ಬಿಚ್ಚಿಸಿದ. ಅಗಲ ಮಾಡಿದ ಕ್ಯಾಬಿನ್ನಿನಲ್ಲಿ ಅವನ ಹೊಟ್ಟೆ ಸರಿಯಾಗಿ ಕೂತಿತು. ಒಂದೇ ಒಂದು ಸುತ್ತು ಹೊಡೆದು ವಿಮಾನ ಇಳಿಯಿತು. ಬಾಗಿಲು ತೆರೆದರೆ ಸೂರ್ಯಕಾಂತನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತೊಡೆಯ ಮೇಲೆ ಗಂಟು ಕಟ್ಟಿ ಹಿಡಿದ ಪೇಟದಲ್ಲಿ ಬೆಳಗಿನ ಉಪ್ಪಿಟ್ಟು ಇತ್ತು.

ಇಂಥದೊಂದು ಗಳಿಗೆಗಾಗಿ ಶೀತಲ ವರ್ಷಗಟ್ಟಲೆ ಕಾದಿದ್ದಳು. ಆಡಬೇಕಾದ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು, ಒಂದಕ್ಕಿಂತ ಒಂದು ಚೂಪಾದವು. ಅವನ್ನು ಅಲ್ಲೇ ನಿಲ್ಲಿಸಿ, ನೀರಿನ ಬಾಟಲಿ ತಂದು, ಪೇಟವನ್ನು ಅವನ ಕೈಯಿಂದ ಬಿಡಿಸಿ ದೂರ ಒಯ್ದಿಟ್ಟಳು.

"ಮ್ಯಾಲಿಂದ ಹ್ಯಾಂಗ ಕಾಣ್ತಿತ್ರಿ ಭಾವಾರ?"

ಸೂರ್ಯಕಾಂತ ಬಾಯಿ ಮುಕ್ಕಳಿಸಿ ಉಗುಳಿದ. ಅತ್ತಿತ್ತ ನೋಡಿದ. ಕೇದಾರ ದೂರದಲ್ಲಿದ್ದ.

"ಖರೇ ಹೇಳ್ಲೇನು? ಕಣ್ಣು ಮುಚ್ಚಿದ್ದೆ."

ಶೀತಲಳಿಗೆ ನಗು ಬಂತು. ಸೂರ್ಯಕಾಂತನೂ ನಗಲು ಹೋಗಿ, ಹೊಟ್ಟೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತ. ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ಬೀಗರದು. ಅವನು ಗಂಟಲು ಸರಿಮಾಡಿಕೊಂಡ.

"ಹಾಂ, ಬೀಗರೇ! ಈಗ ಇಳದೆ ನೋಡ್ರಿ. ಏನು ನೋಟ ಅಂತೀರಿ! ಇತ್ಲಾಗ ಬೀದರ ಕೋಟಿ, ಅತ್ಲಾಗ ಗೋಲಕೊಂಡಾ, ಎರಡೂ ಒಮ್ಮೇ ಕಾಣ್ತಾವ..."

ಎಂಥಾ ಮನುಷ್ಯನಪ್ಪಾ ಇವನು, ಅಂದುಕೊಂಡು ಶೀತಲ ವಿಮಾನದ ಮೂಗಿನ ಕಡೆಗೆ ನಡೆದಳು. ಮರದ ಪ್ರೊಪೆಲ್ಲರ್ ಹೊಸದರಲ್ಲಿ ಬೋಲ್ಟಿನ ಬಿಗಿತಕ್ಕೆ ತುಸು ತಗ್ಗುತ್ತದೆ, ಮೊದಲ ಹಾರಾಟಗಳ ನಂತರ ಮತ್ತೆ ಬಿಗಿದು ನೋಡಿ ಎಂದು ನಿಶಾಂತ ಹೇಳಿ ಕಳಿಸಿದ್ದ. ವಿಜಯಕುಮಾರ ಸ್ಪ್ಯಾನರ್ ತಂದುಕೊಟ್ಟು, ಪ್ರೊಪೆಲ್ಲರ್ ತಿರುಗದಂತೆ ಅದರ ರೆಕ್ಕೆಯನ್ನು ಎರಡೂ ಕೈಯಿಂದ ಹಿಡಿದು ನಿಂತ.

"ಅಲ್ಲಿ ಅಲ್ರಿ," ಅಂದಳು ಅವಳು. "ತುದಿ ಹಿಡೀಬ್ಯಾಡ್ರಿ. ಇಲ್ಲಿ, ಬುಡದ ಕಡೆ. ಹಾಂ, ಅಲ್ಲೇ."